ತಾಳೆಯಾದ ಒಂದೇ ಫಾರಂ

ತುರ್ವಿಹಾಳ
ಶ್ರಾವಣದ ಮೂರನೆಯ ಸೋಮವಾರ
11 ಆಗಸ್ಟ್ 2025

ತಂಗಿ ಶಿವಗಂಗಾ,

ನಿನ್ನ ಅಕ್ಕ ಕಲ್ಯಾಣಮ್ಮನ ಶರಣು. ನಿನ್ನ ದೊಡ್ಡಪ್ಪನ ಮಗಳು, ಆರು ತಿಂಗಳಿಗೆ ದೊಡ್ಡವಳು ನಾನು, ಆಶೀರ್ವಾದ ಎಂದೇ ಬರೆಯಬೇಕಿತ್ತು. ಆದರೆ ದಿಲ್ಲಿಯಲ್ಲಿ ಪ್ರೊಫೆಸರ್ ಆಗಿರುವವಳಿಗೆ ಏಳನೆಯ ತರಗತಿ ಓದಿದವಳು ಆಶೀರ್ವಾದ ಕಳಿಸಿದರೆ ಮುಟ್ಟುತ್ತದೋ ಇಲ್ಲವೋ. ಶರಣು ಎಂದರೆ ಇಬ್ಬರಿಗೂ ಸರಿ.

ಇವತ್ತು ಸೋಮವಾರದ ಒಪ್ಪತ್ತು. ಹೊತ್ತು ಮುಳುಗಿ ದೀಪ ಹಚ್ಚುವವರೆಗೆ ಬಾಯಿಗೆ ಅನ್ನವಿಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದು ದನದ ಮನೆಯ ಸೆಗಣಿ ಬಳಿದೆ, ಎರಡು ಎಮ್ಮೆ ಹಿಂಡಿದೆ, ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ. ಜಳಕ ಮಾಡಿ ಲಿಂಗಪೂಜೆಗೆ ಕುಳಿತೆ, ಎದ್ದು ಇಪ್ಪತ್ತೆರಡು ರೊಟ್ಟಿ ಬಡಿದೆ. ಉಪವಾಸ ನನಗೆ, ಮನೆಯವರಿಗಲ್ಲವಲ್ಲ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರ್ ಬಂದು ಹದಿನೈದು ವರ್ಷವಾದರೂ ಅದನ್ನೂ ಬಸವಣ್ಣನೆಂದೇ ತಿಳಿದು ಸೋಮವಾರ ಹೊರಗೆ ತೆಗೆಯುವುದಿಲ್ಲ. ನಮ್ಮ ಮನೆಯವರು, ಅದೇ ನಿನ್ನ ಮಾವ, ಮಠಕ್ಕೆ ಹೋಗಿದ್ದಾರೆ. ಬಾಗಿಲು ಮುಂದೆ ಮಾಡಿಕೊಂಡು ಬರೆಯಲು ಕುಳಿತಿದ್ದೇನೆ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ಹೇಳಿದ್ದನ್ನು ನಾಳೆ ನಾನು ಹೇಳೇ ಇಲ್ಲ ಎನ್ನಬಹುದು, ಬರೆದು ಸಹಿ ಹಾಕಿದ್ದನ್ನು ಹಾಗೆ ಎನ್ನಲಾಗದು. ಇದು ನೀನೇ ನನಗೆ ಕಲಿಸಿದ್ದು.

ಹೋದ ವಾರ ನೀನು, ಬರುವ ಗುರುವಾರ ಗದ್ದೆಮ್ಮನ ಮಗಳು ನಂದಿನಿಯನ್ನು ನಿನ್ನ ಸಮೀಕ್ಷೆಯಿಂದ ಬಿಡಿಸಿ, ಅವಳ ಹೆಸರು ತೆಗೆಯಿರಿ ಎಂದು ದಿಲ್ಲಿಗೆ ಬರೆಯುತ್ತೇನೆ ಎಂದೆ. ನೀನು ಬರೆದರೆ ಅವಳ ಪಿಎಚ್‌ಡಿ ಅಲ್ಲಿಗೇ ನಿಲ್ಲುತ್ತದೆ. ಗಂಗಾ, ಬರೆಯಬೇಡ. ಅವಳು ಒಂದು ಫಾರಂ ಕೂಡ ಮನೆಯಲ್ಲಿ ಕುಳಿತು ತುಂಬಿಲ್ಲ. ಸುಳ್ಳಿರುವುದು ಅವಳ ಫಾರಂಗಳಲ್ಲಲ್ಲ, ಇಪ್ಪತ್ತೈದು ವರ್ಷದ ಹಿಂದೆ ನೀನೇ ತುಂಬಿಕೊಂಡು ಹೋದ ಫಾರಂಗಳಲ್ಲಿ. ಆ ಸುಳ್ಳು ಹಾಕಿಸಿದವಳು ನಾನು.

ಈ ಒಂದು ಮಾತಿಗೆ ನನ್ನ ಪತ್ರ ಮುಗಿಯಬೇಕು. ಆದರೆ ಯಾಕೆ ಎಂದು ನೀನು ಕೇಳದೆ ಬಿಡುವುದಿಲ್ಲ. ಕೇಳುವುದೇ ನಿನ್ನ ಉದ್ಯೋಗ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ಮಸ್ಕಿಯ ಶಾಲೆಯಲ್ಲಿ ಲೆಕ್ಕಕ್ಕೆ ನಾನೇ ಮುಂದಿದ್ದೆ. ಮಗ್ಗಿ ಹೇಳುವಾಗ ಹದಿನೇಳಕ್ಕೆ ಬಂದ ಕೂಡಲೇ ನೀನು ನನ್ನ ಲಂಗ ಜಗ್ಗುತ್ತಿದ್ದೆ. ಏಳನೆಯ ಪರೀಕ್ಷೆಯಲ್ಲಿ ನನಗೆ ನಿನಗಿಂತ ಹನ್ನೊಂದು ಅಂಕ ಹೆಚ್ಚು. ನೀನು ಮರೆತಿರಬಹುದು, ನಾನು ಮರೆತಿಲ್ಲ. ಆ ಬೇಸಿಗೆಯಲ್ಲಿ ಲಿಂಗಸುಗೂರಿನ ಅತ್ತೆ ಬಂದು, ಹೈಸ್ಕೂಲಿಗೆ ಒಬ್ಬ ಹುಡುಗಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ, ಇಬ್ಬರನ್ನು ಆಗದು ಎಂದಳು. ಅಜ್ಜ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ನೋಡಿದ. “ಕಲ್ಯಾಣಿ ಕೆಲಸದಾಗ ಚಲೋ ಅದಾಳ, ಇಕಿ ಮನ್ಯಾಗಿರ್ಲಿ. ಗಂಗಿಗಿ ಒಂದ್ ರೊಟ್ಟಿ ಬಡಿಯಾಕ ಬರಂಗಿಲ್ಲ. ಅಕಿ ಓದ್ಲಿ ಬಿಡ್ರಿ” ಅಂದ. ಎಲ್ಲರೂ ನಕ್ಕರು. ನೀನು ಅವಮಾನವಾಯಿತೆಂದು ಅತ್ತುಬಿಟ್ಟೆ. ನಾನು ಗೆದ್ದವಳ ಹಾಗೆ ಆ ದಿನವೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆ. ಮರುವಾರ ನಿನ್ನ ಟ್ರಂಕು ಬಸ್ಸಿನ ತಲೆ ಮೇಲೆ ಏರಿದಾಗ ತಿಳಿಯಿತು ಗೆದ್ದವರು ಯಾರೆಂದು.

ಆಮೇಲೆ ನಿನ್ನದು ಲಿಂಗಸುಗೂರು, ಧಾರವಾಡ, ದಿಲ್ಲಿ. ನನ್ನದು ಹದಿನೇಳಕ್ಕೆ ಮದುವೆ, ತುರ್ವಿಹಾಳ. ಏಳು ಎಕರೆ ನೀರಾವರಿ ಇದ್ದ ಮನೆ. ಮಸ್ಕಿಯ ಕಡೆ ಆಗ ನೀರಾವರಿ ಮನೆಗೆ ಕೊಟ್ಟರೆಂದರೆ ಹುಡುಗಿಯ ಪುಣ್ಯವೇ ಪುಣ್ಯ ಎನ್ನುತ್ತಿದ್ದರು. ಪುಣ್ಯವಲ್ಲ ಎಂದು ನಾನೂ ಹೇಳುವುದಿಲ್ಲ.

ಎರಡು ಸಾವಿರದ ಇಸವಿಯಲ್ಲಿ ನೀನು ಒಂದು ಚೀಲ ತುಂಬ ಅಚ್ಚಾದ ಫಾರಂ ಹೊತ್ತುಕೊಂಡು ನಮ್ಮ ಮನೆಗೆ ಬಂದಿಳಿದೆ. ಕಾಲುವೆ ನೀರು ಬಂದ ಮೇಲೆ ಹೆಂಗಸರ ದುಡಿಮೆ ಹೆಚ್ಚಿತೋ ಕಡಿಮೆಯಾಯಿತೋ, ಅದರ ಸಂಗಡ ಅವರು ಹೆರುವ ಮಕ್ಕಳ ಎಣಿಕೆ ಏನಾಯಿತು, ಇದು ನಿನ್ನ ಪಿಎಚ್‌ಡಿ. ಚೀಟಿ ಎತ್ತಿ ಊರಿನ ನಲವತ್ತು ಮನೆ ಆರಿಸಿದೆ. ಇಪ್ಪತ್ತೆರಡು ಹೊಲ ಇದ್ದವರವು, ಹದಿನೆಂಟು ಕೂಲಿಗೆ ಹೋಗುವವರವು. ಹೊಸ ಮುಖ ಕಂಡರೆ ಹೆಂಗಸರು ಬಾಯಿ ಬಿಡುವುದಿಲ್ಲ, ಅಕ್ಕಾ ನೀ ಜೊತೆಗೆ ಬಾ ಎಂದೆ. ಎರಡೂವರೆ ತಿಂಗಳು ನಿನ್ನ ಕೈಹಿಡಿದು ಅಡುಗೆಮನೆಗಳಿಗೆಲ್ಲ ಕರೆದುಕೊಂಡು ಹೋದವಳು ನಾನು.

ನೀನು ಬಂದ ದಿನ ನನ್ನ ಮಾವ ತಮ್ಮ ಕುರ್ಚಿ ಬಿಟ್ಟು ಎದ್ದು ನಿನಗೆ ಕೂರಲು ಹೇಳಿದರು. ಎಂಟು ವರ್ಷದಲ್ಲಿ ಆ ಕುರ್ಚಿಯನ್ನು ನಾನು ಒರೆಸಿದ್ದೆ, ಅದರ ಮೇಲೆ ಕುಳಿತಿರಲಿಲ್ಲ. ನೆಲ್ಲಿನ ಧಾರಣೆ ದಿಲ್ಲಿಯಲ್ಲಿ ಯಾರು ಗೊತ್ತು ಮಾಡುತ್ತಾರೆ ಎಂದು ಅವರು ನಿನ್ನನ್ನು ಕೇಳಿದರು, ನೀನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದೆ. ನಾನು ಬಾಗಿಲ ಮರೆಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಹೊಟ್ಟೆಕಿಚ್ಚು ಎಂದರೆ ಕಿಚ್ಚಿನ ಹಾಗೆ ಉರಿಯುತ್ತದೆ ಎಂದು ತಿಳಿದಿದ್ದೆ. ಹಾಗಲ್ಲ, ಅದು ತಣ್ಣಗೆ ಇರುತ್ತದೆ. ಬೆಳಗಿನ ಜಾವ ಕಾಲುವೆ ನೀರಿಗೆ ಕಾಲಿಟ್ಟ ಹಾಗೆ.

ಮೊದಲ ಮೂರು ದಿನ ಕೂಲಿ ಮನೆಗಳೇ ಆದವು, ನಾಲ್ಕನೆಯ ದಿನ ಹೊಲ ಇದ್ದವರಲ್ಲಿ ಮೊದಲು ನಮ್ಮ ಮನೆಯ ಚೀಟಿಯೇ ಬಂತು. ಪಡಸಾಲೆಯಲ್ಲಿ ಮಾವ, ಅತ್ತೆ, ನಿನ್ನ ಮಾವ ಎಲ್ಲ ಕುಳಿತಿದ್ದರು. ನಾನು ಹಿಂದಿನ ಗದ್ದೆಯಲ್ಲಿ ಕಳೆ ಕಿತ್ತು, ಕಾಲು ತೊಳೆದುಕೊಂಡು ಆಗಷ್ಟೇ ಬಂದಿದ್ದೆ. ನೀನು ಪೆನ್ನು ತೆಗೆದು, ನಗುತ್ತ, “ಅಕ್ಕಾ, ನೀ ಏನ್ ಕೆಲಸ ಮಾಡ್ತಿ?” ಎಂದು ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಮಾವ, “ನಮ್ಮ ಸೊಸಿ ದುಡಿಯಾಕ ಹೋಗಂಗಿಲ್ಲವಾ. ನಾವು ಹೊಲ ಇದ್ದವರು” ಅಂದರು. ನೀನು ಅದನ್ನು ಬರೆದುಕೊಳ್ಳಲಿಲ್ಲ. ನಿನ್ನ ನಿಯಮ ಅದು, ಅವರವರ ಮಾತು ಅವರ ಬಾಯಿಂದಲೇ ಬರಬೇಕು. ನನ್ನ ಕಡೆಗೆ ತಿರುಗಿ, “ನೀ ಹೇಳಬೇಕಕ್ಕಾ” ಅಂದೆ.

ಖರೆ ಹೇಳುವುದು ನನ್ನ ಕೈಯಲ್ಲಿತ್ತು. ಮಾವನ ಅಂಜಿಕೆಯಿಂದ ಹೇಳಲಿಲ್ಲ ಎಂದು ಬರೆದರೆ ನೀನು ನಂಬುತ್ತೀ. ಅಂಜಿಕೆ ಇತ್ತು, ಅಷ್ಟೇನೂ ಇರಲಿಲ್ಲ. ನನ್ನ ಕಣ್ಣಿದ್ದದ್ದು ನಿನ್ನ ಪೆನ್ನಿನ ಮೇಲೆ. ನೀನು ಆ ಕಾಗದ ಬರೆದು ಡಾಕ್ಟರ್ ಶಿವಗಂಗಾ ಆಗುವವಳು. ಅದೇ ಕಾಗದದಲ್ಲಿ ನಾನು ಕಳೆ ಕೀಳುವವಳು, ಸಸಿ ಹಚ್ಚುವವಳು ಎಂದು ನಿಲ್ಲಬೇಕೇ? ಹನ್ನೊಂದು ಅಂಕ ಹೆಚ್ಚು ತೆಗೆದವಳು? “ಏನೂ ಇಲ್ಲ. ಮನ್ಯಾಗಿರ್ತೀನಿ” ಎಂದೆ. ನೀನು ಬರೆದುಕೊಂಡೆ. ನಿನಗಿಂತ ನಾನು ಸುಖದಲ್ಲಿದ್ದೇನೆ ಎಂದು ನಿನ್ನ ಕೈಯಲ್ಲೇ ಬರೆಸಿದ ಹಾಗಾಯಿತು ನನಗೆ.

ನಮ್ಮ ಊರಿನ ರಿವಾಜು ನಿನಗೆ ಯಾರೂ ಹೇಳಲಿಲ್ಲ. ಹೊಲ ಇದ್ದವರ ಹೆಂಗಸರು ರಸ್ತೆ ಕಡೆಯ ಗದ್ದೆಗೆ ಇಳಿಯುವುದಿಲ್ಲ. ಅಲ್ಲಿ ಆಳುಗಳೇ ಹಚ್ಚಬೇಕು. ರಸ್ತೆಗೆ ಕಾಣದ ಹಿಂದಿನ ಗದ್ದೆಗಳಿರುತ್ತವಲ್ಲ, ಅಲ್ಲಿ ಸೀರೆ ಎತ್ತಿ ಕಟ್ಟಿ ನಾವೂ ಆಳುಗಳ ಸಾಲಿನಲ್ಲೇ ಸೊಂಟ ಬಗ್ಗಿಸುತ್ತೇವೆ. ಬೀಜದ ನೆಲ್ಲು ನಮ್ಮ ಕೈಯದು, ಸಸಿ ಕೀಳುವುದು ನಮ್ಮದು, ಕಳೆಯೂ ನಮ್ಮದು. ಬಸ್ಸಿನಲ್ಲಿ ಹೋಗುವವರಿಗೆ ಕಾಣಬಾರದು ಅಷ್ಟೇ. ನೀನು ಎರಡೂವರೆ ತಿಂಗಳೂ ಜೀಪಿನಲ್ಲಿ ರಸ್ತೆಯ ಮೇಲೇ ಓಡಾಡಿದೆ.

ನಾನೊಬ್ಬಳೇ ಸುಳ್ಳು ಹೇಳಿ ಉಳಿದ ಇಪ್ಪತ್ತೊಂದು ಮಂದಿ ಖರೆ ಹೇಳಿದರೆ ನನ್ನದು ನಿನಗೆ ಗೊತ್ತಾಗುತ್ತಿತ್ತು. ಅದಕ್ಕೆ ದಿನಾ ಸಂಜೆ, ಮರುದಿನ ನೀನು ಹೋಗಬೇಕಾದ ಮನೆಗಳಿಗೆ ನಾನು ಮೊದಲೇ ಹೋಗಿ ಬರುತ್ತಿದ್ದೆ. ತಂಗಿ ಬರುತ್ತಾಳೆ, ಮನೆಯಲ್ಲಿರಿ ಎಂದು ಹೇಳಲು ಹೋಗುತ್ತೇನೆ ಎಂದು ನಿನಗೆ ಹೇಳುತ್ತಿದ್ದೆ. “ನಮ್ಮಕ್ಕ ಎಷ್ಟು ಓಡಾಡ್ತಾಳ ನನ್ನ ಸಲುವಾಗಿ” ಎಂದು ನೀನು ಅತ್ತೆಯ ಮುಂದೆ ಹೊಗಳುತ್ತಿದ್ದೆ. ಆ ಮನೆಗಳಲ್ಲಿ ನಾನು ಆಡಿದ ಮಾತೇ ಬೇರೆ. ಬಾಜು ಮನೆಯ ಗ್ಯಾನಮ್ಮಕ್ಕನಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಹೊಲಕ್ಕ ಇಳೀತೀನಿ ಅಂತ ಹೇಳಬ್ಯಾಡಕ್ಕಾ. ಇದು ಪುಸ್ತಕ ಆಗ್ತದ. ನಾಳೆ ನಿನ್ನ ಮಗಳನ್ನ ನೋಡಾಕ ಬಂದವರು ಓದಿದ್ರ ಹೆಂಗ?” ಎಂದೆ. ಗ್ಯಾನಮ್ಮಕ್ಕ ಬಿದ್ದುಬಿದ್ದು ನಕ್ಕಳು. “ನಮ್ಮ ಬೀಗರಾಗೋರು ಲಗ್ನಪತ್ರಿಕೀನ ಓದಂಗಿಲ್ಲ ಬೇ, ಪುಸ್ತಕ ಎಲ್ಲಿ ಓದ್ತಾರ! ಇರ್ಲಿ, ನೀ ಹೇಳ್ತಿ ಅಂದ್ರ ಹಂಗ ಹೇಳ್ತೀನಿ. ಒಂದಿನ ಆದ್ರೂ ಕಾಗದದಾಗ ಕುಂತು ಉಂಡಂಗ ಆಗ್ಲಿ” ಎಂದಳು. ಇಪ್ಪತ್ತೆರಡು ಮನೆಯೂ ಹೀಗೇ ಆಯಿತು. ಕೂಲಿ ಮನೆಗಳಿಗೆ ನಾನು ಹೋಗಲಿಲ್ಲ. ಅವರು ಇದ್ದದ್ದು ಇದ್ದ ಹಾಗೆ ಹೇಳಿದರು.

ನೀನು ದಿಲ್ಲಿಗೆ ಹೋಗಿ ಆ ಫಾರಂ ಎಲ್ಲ ಕೂಡಿಸಿ, ನೀರು ಬಂದಲ್ಲಿ ಹೊಲ ಇದ್ದವರ ಹೆಂಗಸರು ದುಡಿಮೆ ಬಿಟ್ಟು ಮನೆಗೆ ಬಂದರು ಎಂದು ಬರೆದೆ. ನಿನ್ನ ಹೆಸರಾದದ್ದು ಆ ಮಾತಿನಿಂದಲೇ. ಆಮೇಲೆ ಹಟ್ಟಿಗೆ ಹೋಗಿ ಚಿನ್ನದ ಗಣಿಯವರ ಮನೆಗಳಲ್ಲಿ ಎಷ್ಟು ಮಕ್ಕಳು, ಎಷ್ಟು ವರ್ಷ ಶಾಲೆ ಎಂದು ಎಣಿಸಿದೆ. ಗುಳೆ ಹೋಗುವವರ ಬೆನ್ನು ಹತ್ತಿ ಪುಣೆಯ ತನಕ ಹೋದೆ. ಪೇಪರಿನಲ್ಲಿ ನಿನ್ನ ಫೋಟೊ ಬಂದಾಗಲೆಲ್ಲ ನಿನ್ನ ಮಾವ ಕತ್ತರಿಸಿ ತಂದು ಕೊಡುತ್ತಾರೆ. ನಾನು ಅವನ್ನೆಲ್ಲ ಟ್ರಂಕಿನಲ್ಲಿ ಇಟ್ಟಿದ್ದೇನೆ. ಪ್ರೀತಿಯಿಂದ ಇಟ್ಟಿದ್ದಾಳೆ ಎಂದು ಅವರು ತಿಳಿದಿದ್ದಾರೆ. ನಾನು ತೆಗೆದು ನೋಡುವುದು ನಿನಗೆ ಎಷ್ಟು ವಯಸ್ಸಾಗಿದೆ ಎಂದು.

ಒಂದೂ ಹೆರದವಳು ಹೆರುವವರ ಮೇಲೆ ಪಂಡಿತಳಾದಳು ಎಂದು ಒಂದು ಸಲ ನಮ್ಮ ಓಣಿಯ ಹೆಂಗಸರ ಮುಂದೆ ಅಂದಿದ್ದೇನೆ. ಕೆಟ್ಟ ಮಾತು. ಈ ಸಾಲನ್ನು ಹೊಡೆದುಹಾಕಬೇಕೆಂದೆ, ಹೊಡೆದರೂ ನೀನು ಬೆಳಕಿಗೆ ಹಿಡಿದು ಓದುತ್ತೀ. ಇರಲಿ.

ನಿನ್ನ ಮೊದಲ ಪುಸ್ತಕ ಅಂಚೆಯಲ್ಲಿ ಬಂದಾಗ ನನ್ನ ಮಗಳು ಐಶ್ವರ್ಯ ಇಂಗ್ಲಿಷು ಓದಿ ಹೇಳಿದಳು. ಮೊದಲ ಪುಟದಲ್ಲಿ ಹನ್ನೆರಡು ಮಂದಿಯ ಹೆಸರು ಬರೆದು ಉಪಕಾರ ನೆನೆದಿದ್ದೆ, ಎಲ್ಲರೂ ಪ್ರೊಫೆಸರುಗಳು. ಕೊನೆಗೆ, ತುರ್ವಿಹಾಳದ ನನ್ನ ಅಕ್ಕನಿಗೆ ಎಂದಿತ್ತು. ಹೆಸರಿರಲಿಲ್ಲ. “ಅದು ನೀನಾ ಬೇ ಅಮ್ಮಾ” ಎಂದು ಮಗಳು ಕುಣಿದಳು. ಹನ್ನೆರಡು ಮಂದಿಗೆ ಹೆಸರು, ನನಗೆ ಸಂಬಂಧ ಮಾತ್ರ. ಅವತ್ತಿನ ತನಕ ನನ್ನ ಸುಳ್ಳಿನ ಬಗ್ಗೆ ಸ್ವಲ್ಪ ಅಳುಕಿತ್ತು, ಅದೂ ಹೋಯಿತು.

ಇದಕ್ಕಿಂತ ಹೆಚ್ಚಿನದು ಕೇಳು. ಆರು ವರ್ಷದ ಹಿಂದೆ ಸಿಂಧನೂರಿನ ಕಾಲೇಜಿನಲ್ಲಿ ನಿನ್ನ ಭಾಷಣವಿತ್ತು, ನಾವೆಲ್ಲ ಬಂದಿದ್ದೆವು. ನೀನು ಕನ್ನಡದಲ್ಲೇ ಮಾತಾಡಿದೆ. ತುರ್ವಿಹಾಳದ ಹೆಂಗಸರು ಕಾಲುವೆಯ ಸಂಗಡ ಮನೆಗೆ ಬಂದರು ಎಂದು ನೀನು ಹೇಳಿದಾಗ ಮಂದಿ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಅಂಗೈ ನೋಡಿಕೊಂಡೆ. ಇಷ್ಟು ಓದಿದವಳಿಗೆ ತಿಳಿಯದ್ದು ಈ ಹಾಲಿನಲ್ಲಿ ನನಗೊಬ್ಬಳಿಗೆ ತಿಳಿದಿದೆ ಎಂದು ಎಷ್ಟು ಸುಖವಾಯಿತು ಗೊತ್ತೇ? ಲಿಂಗಪೂಜೆಯಲ್ಲಿಯೂ ನನಗೆ ಅಂಥ ಸುಖ ಆಗಿಲ್ಲ. ಶಿವನೇ, ಇದನ್ನು ಒಪ್ಪತ್ತಿನ ದಿನ ಬರೆಯುತ್ತಿದ್ದೇನಲ್ಲ.

ಈಗ ನಂದಿನಿಯ ಸುದ್ದಿ. ಅದೇ ನಲವತ್ತು ಮನೆಗೆ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿ, ಹಳೆಯದಕ್ಕೂ ಹೊಸದಕ್ಕೂ ಎಷ್ಟು ಫರಕು ಎಂದು ದೊಡ್ಡ ಪುಸ್ತಕ ಮಾಡುತ್ತೇನೆ ಎಂದು ಯುಗಾದಿಗೆ ಫೋನಿನಲ್ಲಿ ಹೇಳಿದೆ. ಅವತ್ತಿನಿಂದ ನಾನು ಕಾಯುತ್ತಿದ್ದೆ. ಪಡಸಾಲೆಗೆ ಸುಣ್ಣ ಬಳಿಸಿದೆ, ಕಾಲಿಗೆ ಹೊಸ ಚಪ್ಪಲಿ ತಂದೆ, ಮನೆ ಮನೆ ತಿರುಗಬೇಕಲ್ಲ ಎಂದು. ಜೂನಿನಲ್ಲಿ ನಿನ್ನ ಜೀಪು ಬಂತು. ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದ ನಾನು ನೋಡಿದೆ. ಅದು ನಮ್ಮ ಓಣಿಗೆ ತಿರುಗಲಿಲ್ಲ, ಸೀದಾ ಗದ್ದೆಮ್ಮನ ಮನೆ ಮುಂದೆ ನಿಂತಿತು. ಇಪ್ಪತ್ತೈದು ವರ್ಷದಿಂದ ನಮ್ಮ ಗದ್ದೆಗೆ ಆಳುಗಳ ಗುಂಪು ಕಟ್ಟಿಕೊಂಡು ಬರುವ ಗದ್ದೆಮ್ಮ. ಅವಳ ಮಗಳು ಎಂ.ಎ. ಮಾಡಿ ನಿನ್ನ ಕೈಕೆಳಗೆ ಪಿಎಚ್‌ಡಿಗೆ ಸೇರಿದ್ದು ನನಗೆ ಅವತ್ತೇ ತಿಳಿದದ್ದು. ನೀನು ಅವರ ಮನೆಯಲ್ಲಿ ಚಹಾ ಕುಡಿದು ಆಮೇಲೆ ನಮ್ಮ ಮನೆಗೆ ಬಂದು, “ಅಕ್ಕಾ, ಈ ಸಲ ನೀ ತ್ರಾಸ ತಗೋಬ್ಯಾಡ. ನಂದಿನಿ ನೋಡ್ಕೋತಾಳ” ಅಂದೆ.

ನಿನ್ನ ಮೇಲಿನ ಹೊಟ್ಟೆಕಿಚ್ಚು ಹಳೆಯದು, ಅದು ನನಗೆ ಒಗ್ಗಿತ್ತು. ಈ ಹುಡುಗಿಯ ಮೇಲಿನದು ಹೊಸದು. ನಮ್ಮ ಗದ್ದೆಯ ಬದುವಿನ ಮೇಲೆ ಹರಕು ಚಾದರಿನಲ್ಲಿ ಮಲಗಿಸಿದ್ದ ಕೂಸು ಅದು. ಅದಕ್ಕೆ ಅಳು ಬಂದರೆ ನಾನೂ ಹೋಗಿ ತೊಟ್ಟಿಲ ಹಾಗೆ ತೂಗಿದ್ದೇನೆ. ಅದೇ ಕೂಸು ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ನನ್ನ ಜಾಗದಲ್ಲಿ ನಿನ್ನ ಪಕ್ಕ ನಡೆಯಿತು.

ನಮ್ಮ ಮನೆಗೆ ಬಂದಾಗ ನಾನು ಅವಳನ್ನು ಕಟ್ಟೆಯ ಮೇಲೆ ಕೂರಿಸಿದೆ, ಒಳಗೆ ಕರೆಯಲಿಲ್ಲ. ಪ್ರವಚನದಲ್ಲಿ ಎಲ್ಲರೂ ಶಿವನ ಮಕ್ಕಳು ಎಂದು ಕೇಳಿ ಮೊದಲು ತಲೆಯಾಡಿಸುವವಳು ನಾನೇ, ಆದರೂ ಕರೆಯಲಿಲ್ಲ. ಅವಳು ಅಲ್ಲೇ ಫಾರಂ ಬಿಚ್ಚಿದಳು. ನಿನ್ನ ಹಾಗೆ ಏನು ಕೆಲಸ ಮಾಡ್ತೀರಿ ಎಂದು ಕೇಳಲಿಲ್ಲ. “ಅಮ್ಮಾರ, ನಿನ್ನೆ ಎದ್ದಾಗಿಂದ ಏನೇನ್ ಮಾಡಿದ್ರಿ, ಒಂದೊಂದ ಹೇಳ್ರಿ” ಅಂದಳು.

“ಪೂಜಿ ಮಾಡಿದೆ” ಎಂದೆ.

“ಪೂಜಿ ಆದ ಮ್ಯಾಲರೀ?”

“ಮತ್ತ ಪೂಜಿ.”

ಅವಳು ನಗು ತಡೆದುಕೊಂಡಳು. ನನ್ನ ಕಾಲು ನೋಡಿದಳು. ಹಿಮ್ಮಡಿಯ ಬಿರುಕಿನಲ್ಲಿ ಕೆಸರು ಒಣಗಿತ್ತು. “ಗದ್ದಿಗೇನಾದ್ರೂ ಹೋಗಿದ್ರಿ?” ಎಂದು ಇನ್ನೊಂದು ಸಲ ಕೇಳಿದಳು. “ನಾವು ಹೊಲ ಇದ್ದವರವಾ. ನಿಮ್ಮವ್ವನಂಗ ಇಳಿಯಾಕ ಬರ್ತದೇನು?” ಎಂದೆ. ಅವಳು ತಲೆ ತಗ್ಗಿಸಿ ನಾನು ಹೇಳಿದ್ದನ್ನೇ ಬರೆದುಕೊಂಡು ಎದ್ದಳು.

ಹೋದ ಗುರುವಾರ ನೀನು ನಮ್ಮಲ್ಲಿ ಊಟಕ್ಕೆ ಬಂದಾಗ ಮುಖ ಬಾಡಿತ್ತು. ಹಳೆಯ ಇಪ್ಪತ್ತೆರಡು ಹೆಂಗಸರಲ್ಲಿ ನಾಲ್ವರು ತೀರಿಕೊಂಡಿದ್ದಾರೆ, ಉಳಿದ ಹದಿನೆಂಟರಲ್ಲಿ ಹದಿನೇಳು ಮಂದಿ ಮದುವೆಯಾಗಿ ಬಂದಾಗಿನಿಂದ ಗದ್ದೆಗೆ ಇಳಿಯುತ್ತಿದ್ದೇವೆ ಎಂದಿದ್ದಾರೆಂದು ನಂದಿನಿ ಬರೆದಿದ್ದಾಳೆ, ಇದು ಹೆಂಗ ಸಾಧ್ಯ ಎಂದೆ. “ಹಳೇದಕ್ಕ ತಾಳಿ ಆಗೋದು ನಿನ್ನ ಫಾರಂ ಒಂದ, ಅಕ್ಕಾ. ಅಕಿ ನಿಮ್ಮ ಮನಿಗಷ್ಟ ಖರೇನ ಬಂದಾಳ, ಉಳದಿದ್ದೆಲ್ಲ ಮನ್ಯಾಗ ಕುಂತು ತುಂಬ್ಯಾಳ ಅನ್ನಸ್ತದ. ನೀ ಏನಂತಿ?” ಎಂದು ಕೇಳಿದೆ.

ನಾನು ಏನಂದೆ ಎಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆದರೇನೇ ಅದು ನನ್ನದಾಗುವುದು. “ನಮ್ಮ ಓಣ್ಯಾಗ ಅಕಿ ಯಾರ ಮನಿ ಕಟ್ಟಿ ಹತ್ತಿದ್ದೂ ನಾ ಕಂಡಿಲ್ಲ” ಎಂದೆ. ಖರೆ ಎಂದರೆ ಗ್ಯಾನಮ್ಮಕ್ಕನ ಮನೆಯಲ್ಲಿ ಅವಳು ಎರಡು ತಾಸು ಕುಳಿತಿದ್ದನ್ನು ನಾನು ಮಾಳಿಗೆಯ ಮೇಲಿಂದ ನೋಡಿದ್ದೆ. ಉಳಿದ ಮನೆಗಳಿಗೆ ಹೋದದ್ದನ್ನೂ ನೋಡಿದ್ದೆ. ಅವಳು ಎಲ್ಲಿಗೆ ಹೋಗುತ್ತಾಳೆ, ಎಷ್ಟು ಹೊತ್ತು ಕೂರುತ್ತಾಳೆ ಎಂದು ಎರಡು ತಿಂಗಳಿಂದ ನಾನು ನೋಡಿದ್ದು ಅದೊಂದನ್ನೇ. ನೀನು ನಿಟ್ಟುಸಿರು ಬಿಟ್ಟು, “ನೀ ಒಬ್ಬಾಕಿ ಇದ್ದಿಯಲ್ಲಕ್ಕಾ ನನಗ ನಂಬಾಕ” ಎಂದು ನನ್ನ ಕೈ ಹಿಡಿದುಕೊಂಡೆ. ಅವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಅದನ್ನೂ ಹೇಳಿಬಿಡುತ್ತೇನೆ.

ಮೊನ್ನೆ ಶನಿವಾರ ನಮ್ಮ ಹಿಂದಿನ ಗದ್ದೆಯ ನಾಟಿ ಇತ್ತು. ಗದ್ದೆಮ್ಮ ಹನ್ನೊಂದು ಮಂದಿಯನ್ನು ಕರೆದುಕೊಂಡು ಬಂದಳು, ಹದಿಮೂರನೆಯವಳಾಗಿ ನಾನು ಇಳಿದೆ. ಸಾಲಿನಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗಿ ನನ್ನ ಕೈ ನೋಡಿ, “ಅಬಬಾ, ಅಮ್ಮಾರ ಕೈ ಮಿಷನ್ ಹೋದಂಗ ಹೊಕ್ಕೈತಿ! ಇವರಿಗೆ ಡಬಲ್ ಪಗಾರ ಕೊಡಬೇಕ ನೋಡ್ರಿ” ಎಂದಳು. ಎಲ್ಲರೂ ನಕ್ಕರು. ಗದ್ದೆಮ್ಮ ತಲೆ ಎತ್ತದೆ, ಸಸಿ ಊರುತ್ತಲೇ ಅಂದಳು, “ಪಗಾರ ಹೆಂಗ ಕೊಡ್ತೀ ಬೇ? ಅವರು ಕೆಲಸಾನ ಮಾಡಂಗಿಲ್ಲ. ಕಾಗದದಾಗ ಹಂಗೈತಿ.”

ಇನ್ನೊಂದು ಸಲ ನಗು ಎದ್ದಿತು. ನಾನೂ ನಕ್ಕೆ. ನಕ್ಕು ಕೇಳಿದೆ, “ನಿನಗ ಯಾರ್ ಹೇಳಿದ್ರು? ನಿನ್ನ ಮಗಳಾ?”

“ಅಕಿ ಯಾರ ಮನಿ ಮಾತೂ ನನ್ನ ಮುಂದ ಬಿಚ್ಚಂಗಿಲ್ಲರೀ ಅಮ್ಮಾರ. ಬಿಚ್ಚಬಾರದಂತ. ನಿಮ್ಮ ತಂಗೇರು ಮೊದಲ ಬಂದಾಗ ನೀವು ಮನಿ ಮನಿಗಿ ಹೋಗಿ ಹೇಳಿ ಬಂದಿದ್ದು ಊರಿಗೆಲ್ಲ ಗೊತ್ತೈತಿ. ನಾವು ಕೂಲಿಯವ್ರು, ನಮಗ್ಯಾಕ ಬೇಕು ಅಂತ ಸುಮ್ಮಿದ್ವಿ” ಎಂದಳು. ಒಂದು ಹಿಡಿ ಸಸಿ ಮುಗಿದಿತ್ತು, ಇನ್ನೊಂದು ಹಿಡಿ ನಾನೇ ಅವಳ ಕೈಗೆ ಕೊಟ್ಟೆ. ತಗೊಂಡು ಆಮೇಲೆ ಮೆಲ್ಲಗೆ ಅಂದಳು, “ನನ್ನ ಮಗಳು ಮನ್ಯಾಗ ಕುಂತು ಬರದಾಳಂತ ಯಾರೋ ಚಾಡಿ ಹೇಳ್ಯಾರಂತ. ಎರಡ್ ದಿನ ಆತು, ಅಕಿ ಗಂಗಾಳದ ಮುಂದ ಕುಂದರತಾಳ, ಉಣ್ಣಂಗಿಲ್ಲ. ನೀವರ ನಿಮ್ಮ ತಂಗೇರಿಗೆ ಒಂದ್ ಮಾತ್ ಹೇಳ್ರಿ ಅಮ್ಮಾರ. ನಿಮ್ಮ ಮನಿಗೆ ಬಂದಿದ್ಲಲ್ಲ ಅಕಿ.”

ಚಾಡಿ ಹೇಳಿದವಳು ನಾನೇ ಎಂದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದೂ ಹಾಗೆ ಕೇಳಿದಳೋ, ಅದನ್ನೂ ಹೇಳಲಾರೆ. ನಾನು ಹೂಂ ಎಂದೆ. ಸಂಜೆ ಮನೆಗೆ ಬಂದು ಕಾಲು ತೊಳೆದೆ. ನಿನ್ನೆ ಪೂಜೆಗೆ ಕುಳಿತರೆ ಅಂಗೈಯಲ್ಲಿನ ಲಿಂಗದ ಮೇಲೆ ಕಣ್ಣು ನಿಲ್ಲಲಿಲ್ಲ, ಅಂಗೈಯ ಮೇಲೇ ನಿಂತಿತು. ಇವತ್ತೂ ಹಾಗೇ ಆಯಿತು.

ನೀನು ಜಾಣಳು, ಆದರೂ ಒಂದನ್ನು ನಾನೇ ನಿನಗೆ ತೋರಿಸಬೇಕಾಗಿದೆ. ನಂದಿನಿ ಮನೆಯಲ್ಲಿ ಕುಳಿತು ಮನಸ್ಸಿಗೆ ಬಂದ ಹಾಗೆ ತುಂಬುವವಳಾಗಿದ್ದರೆ ನನ್ನ ಫಾರಂ ಬೇರೆ ಯಾಕೆ ಇರುತ್ತಿತ್ತು? ನಾನು ಗದ್ದೆಗೆ ಇಳಿಯುವುದನ್ನು ಹುಟ್ಟಿದಾಗಿನಿಂದ ನೋಡಿದವಳು ಅವಳು. ನನ್ನದು ಸುಳ್ಳು ಎಂದು ಗೊತ್ತಿದ್ದೂ, ಕಾಲಿನ ಕೆಸರು ಕಣ್ಣಾರೆ ಕಂಡೂ, ನಾನು ಹೇಳಿದ್ದನ್ನೇ ಬರೆದಳು. ಅವರವರ ಮಾತು ಅವರ ಬಾಯಿಂದಲೇ ಬರಬೇಕು ಎನ್ನುವ ನಿನ್ನ ನಿಯಮವನ್ನು ನಿನಗಿಂತ ಚೆನ್ನಾಗಿ ನಡೆಸಿದ್ದಾಳೆ. ಯಾವ ಫಾರಂ ಹಿಡಿದು ನೀನು ಅವಳನ್ನು ಕಳ್ಳಿ ಎಂದೆಯೋ, ಅವಳು ಕಳ್ಳಿಯಲ್ಲ ಎಂದು ಹೇಳುವುದೂ ಅದೇ ಫಾರಂ.

ನಿನ್ನ ಮೊದಲ ಪುಸ್ತಕದ ಗತಿ ಏನು ಎಂದು ನನಗೆ ಗೊತ್ತಿಲ್ಲ. ಆ ಒಂದು ಮಾತಿನ ಮೇಲೆ ನೀನು ಎಷ್ಟು ಕಟ್ಟಿದ್ದೀಯೋ, ಅದರಲ್ಲಿ ಎಷ್ಟು ಬೀಳುತ್ತದೋ. ಅದಕ್ಕೆ ನನಗೆ ದುಃಖವಾಗುತ್ತಿದೆ ಎಂದು ಬರೆಯಬೇಕು. ಅರ್ಧ ಆಗುತ್ತಿದೆ. ಇನ್ನರ್ಧ ಏನಾಗುತ್ತಿದೆ ಎಂದು ನಾನು ಶಿವನಿಗೆ ಹೇಳಿಕೊಳ್ಳುತ್ತೇನೆ, ನಿನಗೆ ಬೇಡ.

ಬೈಯುವುದಿದ್ದರೆ ಬೈ. ಪೂರಾ ಊರಿನ ಮುಂದೆ ಬೈ. ಆದರೆ ಗುರುವಾರದ ಕಾಗದ ಮಾತ್ರ ದಿಲ್ಲಿಗೆ ಹಾಕಬೇಡ. ಗ್ಯಾನಮ್ಮಕ್ಕನನ್ನು ಕೇಳು, ನಾನು ಅವತ್ತು ಏನು ಹೇಳಿಕೊಟ್ಟೆ ಎಂದು ಹೇಳುತ್ತಾಳೆ. ನಿನ್ನೆ ಸಂಜೆ ಹೋಗಿ ಅವಳಿಗೂ ಉಳಿದವರಿಗೂ ಹೇಳಿ ಬಂದಿದ್ದೇನೆ, ಈ ಸಲ ಯಾರು ಬಂದು ಕೇಳಿದರೂ ನನ್ನ ಹೆಸರು ತೆಗೆದುಕೊಳ್ಳಿರಿ ಎಂದು. “ಏನ್ ಬೇ, ಇಪ್ಪತ್ತೈದು ವರ್ಷಕ್ಕೊಮ್ಮಿ ಬಂದು ಒಂದೊಂದ್ ಪಾಠ ಹೇಳಿ ಹೋಗ್ತಿಯಲ್ಲ” ಎಂದು ನಕ್ಕಳು ಗ್ಯಾನಮ್ಮಕ್ಕ.

ಇಮಾಮ್‌ಬೀ ಮಾರಾಟದ ಬಳೆ ತರಲು ಹನ್ನೊಂದರ ಬಸ್ಸಿಗೆ ಸಿಂಧನೂರಿಗೆ ಹೊರಟಿದ್ದಾಳೆ. ಇದನ್ನು ಅವಳ ಕೈಯಲ್ಲಿ ಕೊಡುತ್ತೇನೆ, ಅಲ್ಲಿ ನೀನು ಇಳಿದುಕೊಂಡ ಕಡೆ ತಂದು ಮುಟ್ಟಿಸುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ, ಬಂದರೂ ಓದುವವಳಲ್ಲ.

ನಿನ್ನ ಅಕ್ಕ,
ಕಲ್ಯಾಣಮ್ಮ
(ಇಷ್ಟು ವರ್ಷದಲ್ಲಿ ಹೆಸರು ಬರೆದು ಸಹಿ ಹಾಕಿದ್ದು ಇದೇ ಮೊದಲು, ಬ್ಯಾಂಕು ಬಿಟ್ಟರೆ.)

ತಾ.ಕ.: ನನ್ನ ಫಾರಂ ರದ್ದು ಮಾಡಿ ಒಂದು ಖಾಲಿ ಫಾರಂ ಕಳಿಸು. ಬುಧವಾರ ಬೆಳಿಗ್ಗೆ ನಿನ್ನ ಮಾವ ಮನೆಯಲ್ಲಿರುತ್ತಾರೆ, ಅವರು ಕೇಳುವ ಹಾಗೆ ಪಡಸಾಲೆಯಲ್ಲೇ ಕುಳಿತು ಹೇಳುತ್ತೇನೆ. ಅವರಿಗೆ ಇನ್ನೂ ಏನೂ ತಿಳಿಸಿಲ್ಲ. ಆದರೆ ನೀನು ಬರಬೇಡ, ಗಂಗಾ. ನನಗೆ ಐವತ್ತು ವರ್ಷವಾಯಿತು, ಎಷ್ಟು ಸೋಮವಾರ ಹಿಡಿದರೂ ಈ ಹೊಟ್ಟೆಕಿಚ್ಚೊಂದು ಹೋಗಿಲ್ಲ. ಪೆನ್ನು ಹಿಡಿದು ನೀನು ಎದುರಿಗೆ ಕುಳಿತೆಯೆಂದರೆ ನಾನು ಮತ್ತೆ ಸುಳ್ಳನ್ನೇ ಹೇಳುತ್ತೇನೆ. ನನ್ನ ಉತ್ತರ ತೆಗೆದುಕೊಂಡು ಹೋಗಲು ನಂದಿನಿಯೊಬ್ಬಳನ್ನೇ ಕಳಿಸು.